ಕಬಡ್ಡಿ ಗಲಾಟೆಗೆ ಬಿಸಿರಕ್ತವೊಂದೇ ಕಾರಣವಲ್ಲ

ಹೊಸನಗರ ಕಡೆಯ ನಿಮ್ಮೂರಿನ ಹೊನಲು ಬೆಳಕಿನ ಕಬಡ್ಡಿಯಲ್ಲಿ ಪ್ರತಿ ವರ್ಷ ಹೊಡೆದಾಟ ಆಗುತ್ತದೆ, ಹುಡುಗರ ಬಿಸಿರಕ್ತವೇ ಕಾರಣವಾ ಅಂತ ಕೇಳಿದ್ದೀರಿ. ನಾನು ಪೂರ್ತಿ ಒಪ್ಪುವುದಿಲ್ಲ.

ಅಂಕಣದೊಳಗೆ ಸಿಟ್ಟಿಗೆ ಹೊಡೆಯುವುದು ಒಂದು ಥರ. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಆಟಗಾರ ಜಿದಾನ್ ಎದುರಾಳಿಗೆ ತಲೆಯಿಂದ ಗುದ್ದಿ ರೆಡ್ ಕಾರ್ಡ್ ಪಡೆದರಲ್ಲ, ಹಾಗೆ. ಇನ್ನೊಂದು ಲೆಕ್ಕ ಹಾಕಿ ಮಾಡುವುದು: ಎದುರಾಳಿಯ ಒಳ್ಳೆ ರೈಡರ್‌ನ ಕಾಲು ಬೇಕಂತಲೇ ತಿರುಚುವುದು. ನನಗೆ ಇದೇ ಜಾಸ್ತಿ ಭಯ. ಇದನ್ನು ಹೊರಗೆ ನಿಂತವರೇ ಹೇಳಿಕೊಟ್ಟಿರುತ್ತಾರೆ.

ದೊಡ್ಡ ಗಲಾಟೆ ಶುರುವಾಗುವುದು ಮಾತ್ರ ಹಗ್ಗದ ಆಚೆ. ಊರಿನ ಮರ್ಯಾದೆ, ಬೆಟ್ಟಿಂಗು, ಎಣ್ಣೆ, ಅದರ ಮೇಲೆ ಒಂದು ಅನುಮಾನದ ತೀರ್ಪು. 1964ರಲ್ಲಿ ಪೆರುವಿನ ಲಿಮಾದಲ್ಲಿ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ರೆಫರಿ ಪೆರುವಿನ ಒಂದು ಗೋಲು ಒಪ್ಪಲಿಲ್ಲ. ಜನ ಮೈದಾನಕ್ಕೆ ನುಗ್ಗಿದರು, ಪೊಲೀಸರು ಅಶ್ರುವಾಯು ಬಿಟ್ಟರು, ಗೇಟು ಮುಚ್ಚಿತ್ತು. 300ಕ್ಕೂ ಹೆಚ್ಚು ಜನ ಸತ್ತರು.

ಅಂಪೈರ್‌ಗಳನ್ನು ಬೇರೆ ತಾಲ್ಲೂಕಿನಿಂದ ಕರೆಸಿ. ಹಸಿರು ಕಾರ್ಡ್ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಆ ಪಂದ್ಯವೇ ಇಲ್ಲ ಅಂತ ಮೈಕಿನಲ್ಲಿ ಮೊದಲೇ ಹೇಳಿ, ಮೊದಲ ಪಂದ್ಯದಿಂದಲೇ ತೋರಿಸಿ. ಫೈನಲ್ಲನ್ನು ಬೆಳಗಿನ ಜಾವಕ್ಕೆ ಎಳೆಯಬೇಡಿ. ಅಷ್ಟೊತ್ತಿಗೆ ಯಾವ ಸ್ಥಿತಿಯಲ್ಲಿರುವವರು ಉಳಿದಿರುತ್ತಾರೆ ಅಂತ ನಿಮಗೂ ಗೊತ್ತಲ್ವಾ?