ಅಂಬಾಸಿಡರ್ ಎಂಜಿನ್ ರಿಬೋರ್: ಬ್ಲಾಕ್ ಕೊಡುವ ಮೊದಲು ಪಿಸ್ಟನ್ ತನ್ನಿ

ಕಾಪುವಿನಿಂದ ಕೇಳಿದವರಿಗೆ ಈ ಉತ್ತರ. ನಿಮ್ಮದು ಅಜ್ಜನ ಕಾಲದ ಪೆಟ್ರೋಲ್ ಅಂಬಾಸಿಡರ್, 1489 ಸಿಸಿ. ನೀಲಿ ಹೊಗೆ ಬರುತ್ತದೆ, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಬೀಳುತ್ತದೆ, ಎಂಜಿನ್ ಇಳಿಸಿ ಆಗಿದೆ. ಈಗ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತೆಗೆದುಕೊಂಡು ಲೇತ್‌ಗೆ, ಅಂದರೆ ಎಂಜಿನ್ ಭಾಗ ಕೊರೆದು ಉಜ್ಜಿ ಕೊಡುವ ವರ್ಕ್‌ಶಾಪಿಗೆ, ಹೋಗಬೇಕು, ಅಲ್ಲಿ ಏನು ಹೇಳಬೇಕು ಅಂತ ಕೇಳಿದ್ದೀರಿ. ಒಳ್ಳೆಯ ಲೇತ್‌ನವರ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಆಯ್ತು ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ ಮಾರಾಯ್ರೆ. ಎರಡು ಎಂಜಿನ್ ಮಾಡಿಸಿದ ಮೇಲೆ ಹೇಳುತ್ತೇನೆ, ಲೇತ್‌ನವರು ನೀವು ಹೇಳಿದ್ದನ್ನು ಮಾಡಿಕೊಡುತ್ತಾರೆ. ನೀವು ಏನೂ ಹೇಳದಿದ್ದರೆ ಅವರಿಗೆ ಅಭ್ಯಾಸ ಇದ್ದದ್ದನ್ನು ಮಾಡುತ್ತಾರೆ.

ನನ್ನ ಮೊದಲ ಎಂಜಿನ್‌ನಲ್ಲಿ ಬ್ಲಾಕ್ ಇಳಿಸಿ, "ಎಷ್ಟು ಬೇಕೋ ಅಷ್ಟು ಹೊಡೀರಿ" ಅಂದು ಬಂದಿದ್ದೆ. ಅವರು 30 ಸೈಜಿಗೆ ಬೋರ್ ಮಾಡಿಟ್ಟರು, ಅಂದರೆ ಸವೆದ ಸಿಲಿಂಡರ್ ತೂತುಗಳನ್ನು ಅಷ್ಟು ಅಗಲ ಕೊರೆದರು (ಸೈಜಿನ ಲೆಕ್ಕ ಮುಂದೆ ಹೇಳುತ್ತೇನೆ). ಕೆಲಸ ಚೆನ್ನಾಗಿಯೇ ಇತ್ತು. ಆದರೆ 30ರ ಪಿಸ್ಟನ್ ಎಲ್ಲಿ ಕೇಳಿದರೂ ಇಲ್ಲ. ಕೊನೆಗೆ ಸಿಕ್ಕಿದ್ದು 40ರ ಸೆಟ್. ಅದೇ ಬ್ಲಾಕನ್ನು ರಿಕ್ಷಾದಲ್ಲಿ ಹಾಕಿಕೊಂಡು ಮತ್ತೆ ಹೋಗಿ, ಮತ್ತೆ ದುಡ್ಡು ಕೊಟ್ಟು, ಮತ್ತೆ ಬೋರ್. ಒಂದು ಸೈಜ್ ಸುಮ್ನೆ ಹಾಳಾಯಿತು.

ಅದಕ್ಕೆ ಮೊದಲು ಪಿಸ್ಟನ್ ಕೈಗೆ ಬರಲಿ. ಈ ಎಂಜಿನ್‌ನ ಸ್ಟ್ಯಾಂಡರ್ಡ್ ಬೋರ್ 73.025 ಮಿ.ಮೀ. 20 ಸೈಜ್ ಅಂದರೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 20 ಭಾಗ ಹೆಚ್ಚು, ಸುಮಾರು 73.53. 40 ಅಂದರೆ 74.04 ಮಿ.ಮೀ. ಸೈಜ್ ಪಿಸ್ಟನ್ ತಲೆಯ ಮೇಲೆಯೇ ಹೊಡೆದಿರುತ್ತದೆ, ಡಬ್ಬಿಯನ್ನು ನಂಬಬೇಡಿ. ಹಳೇ ಸ್ಟಾಕ್‌ನಲ್ಲಿ ಡಬ್ಬಿ ಒಂದು, ಒಳಗಿನ ಮಾಲು ಇನ್ನೊಂದು ಆಗಿರುವುದುಂಟು. ನಾಲ್ಕು ಪಿಸ್ಟನ್‌ಗಳನ್ನೂ ಬ್ಲಾಕ್ ಜೊತೆಗೇ ಕೊಟ್ಟು, "ಇವುಗಳ ಅಳತೆ ತೆಗೆದು ಬೋರ್ ಮಾಡಿ, ಒಂದೊಂದಕ್ಕೂ ಒಂದು ಸಿಲಿಂಡರ್ ಅಂತ ನಂಬರ್ ಹಾಕಿ" ಅನ್ನಿ. ಪಿಸ್ಟನ್ ಅಳೆಯುವುದು ಸ್ಕರ್ಟ್‌ನಲ್ಲಿ (ರಿಂಗ್‌ಗಳ ಕೆಳಗಿನ ಭಾಗ), ಗಜನ್ ಪಿನ್‌ಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಪಿನ್) ಅಡ್ಡವಾಗಿ. ಪಿಸ್ಟನ್‌ಗೂ ಬೋರಿಗೂ ನಡುವೆ ಎಷ್ಟು ಕ್ಲಿಯರೆನ್ಸ್ (ಸಡಿಲ) ಇಡಬೇಕು ಅನ್ನುವುದು ಪಿಸ್ಟನ್ ಕಂಪೆನಿಯವರ ಚೀಟಿಯಲ್ಲಿರುತ್ತದೆ, ಅದನ್ನು ತೋರಿಸಿ. ಮಲ್ಪೆ, ಬಂದರು ಕಡೆಯ ಲೇತ್‌ಗಳಿಗೆ ಬೋಟಿನ ಡೀಸೆಲ್ ಎಂಜಿನ್ ದಿನಾ ಬರುತ್ತದೆ. ಕೈ ಪಳಗಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಡೀಸೆಲ್ ಪಿಸ್ಟನ್‌ಗೆ ಇಡುವ ಸಡಿಲ ಇದಕ್ಕೆ ಇಟ್ಟರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಟಕಟಕ ಸದ್ದು ಖಾಯಂ. ಅದಕ್ಕೇ ಆ ಚೀಟಿ.

ಬ್ಲಾಕ್ ಈಗಾಗಲೇ 40ರಲ್ಲಿದ್ದು ಅದೂ ಸವೆದಿದ್ದರೆ ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಸ್ಟ್ಯಾಂಡರ್ಡ್‌ಗೆ ತರಬೇಕು. ಹೆದರುವ ಕೆಲಸ ಅಲ್ಲ. ನಾಲ್ಕಕ್ಕೂ ಒಟ್ಟಿಗೆ ಹಾಕಿಸಿ, ಒಂದಕ್ಕೆ ಮಾತ್ರ ಬೇಡ.

ಬ್ಲಾಕ್ ತರಲು ಹೋದಾಗ ದುಡ್ಡು ಕೊಡುವ ಮೊದಲು ಬೋರ್ ಗೇಜ್ ಹಾಕಿ ತೋರಿಸಿ ಅನ್ನಿ. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಉದ್ದಕ್ಕೂ ಅಡ್ಡಕ್ಕೂ. ಮುಳ್ಳು ಎಷ್ಟು ಅಲ್ಲಾಡುತ್ತದೆ ಅಂತ ನೀವೇ ನೋಡಿ. ಒಳ್ಳೆಯ ಕೆಲಸಗಾರ ಬೇಜಾರು ಮಾಡುವುದಿಲ್ಲ, ಖುಷಿಯಿಂದ ತೋರಿಸುತ್ತಾನೆ. ಹೋನಿಂಗ್ ಗೆರೆಗಳು (ಬೋರ್ ಆದ ಮೇಲೆ ಕಲ್ಲಿನಿಂದ ಉಜ್ಜಿದ ಗೆರೆ) ಒಂದನ್ನೊಂದು ದಾಟಿ ಬಲೆಯ ಹಾಗೆ ಕಾಣಬೇಕು. ಕನ್ನಡಿಯ ಹಾಗೆ ನುಣುಪಾಗಿದ್ದರೆ ರಿಂಗ್ ಕೂರುವುದಿಲ್ಲ, ಮತ್ತೆ ಅದೇ ನೀಲಿ ಹೊಗೆ.

ಕ್ರ್ಯಾಂಕ್ ವಿಷಯ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ನಿಮ್ಮ ಪ್ರೆಶರ್ ಬೀಳುವುದಕ್ಕೆ ಮೂಲ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಇದು ಮೂರೇ ಮೇನ್ ಬೇರಿಂಗ್‌ನ ಎಂಜಿನ್. ಗ್ರೈಂಡಿಂಗ್, ಅಂದರೆ ಉಜ್ಜಿ ತೆಳ್ಳಗೆ ಮಾಡುವುದು, 10, 20, 30, 40 ಹೀಗೆ ಹತ್ತತ್ತರ ಲೆಕ್ಕದಲ್ಲಿ ಹೋಗುತ್ತದೆ. ಇಲ್ಲೂ ಅದೇ ಮಾತು, ಯಾವ ಸೈಜಿನ ಬೇರಿಂಗ್ ಸಿಗುತ್ತದೆ ಅಂತ ನೋಡಿಕೊಂಡು ಗ್ರೈಂಡ್ ಮಾಡಿಸಿ. ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗ) ತುದಿಯಲ್ಲಿ ಮೂಲೆಗೆ ಒಂದು ಸಣ್ಣ ದುಂಡು ಇರುತ್ತದೆ. ಗ್ರೈಂಡಿಂಗ್ ಕಲ್ಲು ಅದನ್ನು ಕಡಿದು ಚೂಪು ಮೂಲೆ ಮಾಡಿದರೆ ಕ್ರ್ಯಾಂಕ್ ಸೀಳುವುದು ಅಲ್ಲಿಂದಲೇ. ಹಿಂಬದಿಯಲ್ಲಿ ಸ್ಕ್ರೂ ಹಾಗೆ ಗೆರೆ ಇದೆ ಅಲ್ವಾ, ಅದನ್ನು ಮುಟ್ಟಬೇಡಿ ಅಂತ ಹೇಳಿ. ಈ ಎಂಜಿನ್‌ಗೆ ಹಿಂದೆ ಆಯಿಲ್ ಸೀಲೇ ಇಲ್ಲ, ಆ ಗೆರೆಯೇ ಆಯಿಲನ್ನು ಒಳಗೆ ತಿರುಗಿಸಿ ಕಳಿಸುವುದು. ನಿಲ್ಲಿಸಿದ ಜಾಗದಲ್ಲಿ ಒಂದೆರಡು ಹನಿ ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು, ಬೇರಿಂಗ್ ಸಡಿಲ ಇದ್ದರೆ ಅದನ್ನು ಹಿಡಿದಿಡುವ ಕ್ಯಾಪ್ ಉಜ್ಜಿ ಬಿಗಿ ಮಾಡುವ ಹಳೇ ಚಾಳಿ ಕೆಲವರಿಗೆ ಇದೆ. ಒಪ್ಪಬೇಡಿ. ಕ್ಯಾಪ್‌ಗಳಿಗೆಲ್ಲ ಬಿಚ್ಚುವಾಗಲೇ ಪಂಚ್ ಹೊಡೆದು ನಂಬರ್ ಹಾಕಿದ್ದೀರಿ ಅಂದುಕೊಳ್ಳುತ್ತೇನೆ. ಹಾಕಿಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಈಗಲೇ ಗ್ಯಾರೇಜಿಗೆ ಹೋಗಿ.

ನನ್ನ ಎರಡನೇ ಎಂಜಿನ್ ಕೆಟ್ಟದ್ದು ಕೊಳೆಯಿಂದ. ಬೋರ್, ಗ್ರೈಂಡಿಂಗ್ ಎಲ್ಲ ಸರಿ ಇತ್ತು. ಜೋಡಿಸಿ ಇನ್ನೂರು ಚಿಲ್ಲರೆ ಕಿ.ಮೀ. ಓಡಿಸಿದ್ದೆ. ಬ್ರಹ್ಮಾವರ ದಾಟುವಾಗ ಕೆಳಗಿನಿಂದ ಒಂದು ಮಂದ ಬಡಿತ ಶುರುವಾಯಿತು, ಮನೆ ಮುಟ್ಟುವಾಗ ಪ್ರೆಶರ್ ಮುಳ್ಳು ಅರ್ಧಕ್ಕೆ ಬಂದಿತ್ತು. ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಿ ಬೇರಿಂಗ್ ಶೆಲ್ ತೆಗೆದರೆ, ಹೊಸ ಶೆಲ್ ಮೇಲೆ ಸುತ್ತ ಗೆರೆ, ಉಗುರು ಎಳೆದರೆ ತಡೆಯುವಷ್ಟು ಆಳ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಸಣ್ಣ ಕಣಗಳು ಮಿಣುಕುತ್ತಿದ್ದವು. ಬ್ಲಾಕಿನ ಆಯಿಲ್ ಗ್ಯಾಲರಿಯ (ಒಳಗೆ ಆಯಿಲ್ ಹರಿಯುವ ದಾರಿ) ತುದಿಯ ಪ್ಲಗ್ ಯಾರೂ ಬಿಚ್ಚಿರಲಿಲ್ಲ. ಬಿಚ್ಚಿ ಬಾಟಲಿ ತೊಳೆಯುವ ಉದ್ದ ಬ್ರಶ್ ತೂರಿಸಿದೆ. ಹೊರಗೆ ಬಂದದ್ದು ನೀಲಿಬೂದು ಬಣ್ಣದ ಪೇಸ್ಟ್, ಬೆರಳಲ್ಲಿ ತಿಕ್ಕಿದರೆ ಮರಳು. ಲೇತ್‌ನವರು "ತೊಳೆದಿದ್ದೇವೆ" ಅಂದದ್ದು ನಿಜವೇ, ಹೊರಗಿನಿಂದ ತೊಳೆದಿದ್ದರು. ಕ್ರ್ಯಾಂಕ್ ಮತ್ತೆ ಹತ್ತು ಇಳಿಯಿತು.

ಹಾಗಾಗಿ ಗ್ಯಾಲರಿ ಪ್ಲಗ್‌ಗಳನ್ನು ಬಿಚ್ಚಿಸಿ, ಕ್ರ್ಯಾಂಕಿನ ಆಯಿಲ್ ತೂತುಗಳಿಗೂ ಬ್ರಶ್ ಹಾಕಿ. ಬೋರನ್ನು ಬಿಸಿನೀರು, ಬಟ್ಟೆ ಸೋಪಿನಿಂದ ತಿಕ್ಕಿ. ಪೆಟ್ರೋಲ್, ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆ, ಹೋನಿಂಗ್ ಪುಡಿ ಅಲ್ಲೇ ಉಳಿಯುತ್ತದೆ. ಬಿಳಿ ಪಂಚೆ ತುಂಡಿನಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಮಾಡಿ. ಆಮೇಲೆ ತಡಮಾಡದೆ ಆಯಿಲ್ ಸವರಬೇಕು. ನಮ್ಮ ಕರಾವಳಿಯ ಗಾಳಿ ಗೊತ್ತಲ್ಲ, ಜೂನ್‌ನಲ್ಲಿ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಬೋರ್ ಕುಚ್ಚಲಕ್ಕಿ ಗಂಜಿಯ ತಿಳಿಯ ಬಣ್ಣಕ್ಕೆ ತಿರುಗಿರುತ್ತದೆ. ಲೇತ್‌ನಿಂದ ತರುವಾಗಲೂ ಆಯಿಲ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ ತನ್ನಿ. ಬಾವಿ ನೀರು ಹಾಕಿ ಓಡಿಸಿದ ಗಾಡಿ ಆದರೆ ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನೂ (ದುಂಡು ತಗಡಿನ ಮುಚ್ಚಳ) ತೆಗೆಸಿ. ವಾಟರ್ ಜಾಕೆಟ್ (ಸಿಲಿಂಡರ್ ಸುತ್ತ ನೀರು ನಿಲ್ಲುವ ಜಾಗ) ತಳದಲ್ಲಿ ತುಕ್ಕಿನ ಕೆಸರು ಗಟ್ಟಿ ಕೂತಿರುತ್ತದೆ. ನಾಲ್ಕನೇ ಸಿಲಿಂಡರ್ ಬಳಿ ನನ್ನದರಲ್ಲಿ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬೇಕಾಯಿತು. ಕಾಸ್ಟಿಕ್ ಸೋಡಾದಲ್ಲಿ ಕುದಿಸುವವರಿದ್ದಾರೆ, ಬೀಡು ಕಬ್ಬಿಣದ ಬ್ಲಾಕ್, ಹೆಡ್‌ಗೆ ತೊಂದರೆ ಇಲ್ಲ. ಪದ್ಮಿನಿ ಕಾರು ಇಟ್ಟುಕೊಂಡವರು ಮಾತ್ರ ಹೆಡ್ಡನ್ನು ಅದಕ್ಕೆ ಹಾಕಬೇಡಿ, ಅದು ಅಲ್ಯೂಮಿನಿಯಂ, ತಿಂದುಹೋಗುತ್ತದೆ.

ಹೆಡ್‌ಗೆ ಮೊದಲು ಪ್ರೆಶರ್ ಟೆಸ್ಟ್ (ಸೀಳು ಇದೆಯಾ ಅಂತ ನೋಡುವುದು), ಆಮೇಲೆ ಪ್ಲೇನಿಂಗ್ (ಮೇಲ್ಮೈ ಸಮತಟ್ಟು ಮಾಡುವುದು). ಸೀಳು ಇರುವ ಹೆಡ್‌ಗೆ ಪ್ಲೇನಿಂಗ್ ದುಡ್ಡು ಯಾಕೆ? 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ವಾಲ್ವ್ ಕೂರುವ ಸೀಟ್ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ, ಆದ್ದರಿಂದ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಹಾಕಿಸಿಬಿಡಿ.

ಯಾವಾಗ ಕೊಡುವುದು ಅಂತಲೂ ಕೇಳಿದ್ದೀರಿ. ಮಳೆಗಾಲದಲ್ಲಿ ಹೇಗೂ ಗಾಡಿ ತೆಗೆಯುವುದಿಲ್ಲ, ಆಗ ಮಾಡಿಸುವ ಅನ್ನಿಸುತ್ತದೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿ, ಅವುಗಳ ಎಂಜಿನ್ ಎಲ್ಲ ಲೇತ್‌ನಲ್ಲಿ. ಆಗಸ್ಟ್‌ಗೆ ಕಡಲಿಗೆ ಇಳಿಯಬೇಕಾದವರ ಮುಂದೆ ನಿಮ್ಮ ಅಂಬಾಸಿಡರ್ ಮೂಲೆಯಲ್ಲಿ ಕೂರುತ್ತದೆ. ಒಂದೋ ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕಡೆ ವಿಚಾರಿಸಿ, ಇಲ್ಲವೇ ಸೆಪ್ಟೆಂಬರ್ ತನಕ ಕಾಯಿರಿ. ಕೊಡುವಾಗ ಒಂದು ಹಾಳೆಯಲ್ಲಿ ಏನೇನು ಕೊಟ್ಟೆ, ಯಾವುದಕ್ಕೆ ಏನು ಕೆಲಸ, ಯಾವ ಸೈಜ್, ಎಷ್ಟು ರೇಟು ಅಂತ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕ್ಯಾಪ್, ಬೋಲ್ಟ್‌ಗಳಿಗೆ ಪೈಂಟ್ ಗುರುತು ಹಾಕಿ.

ಜೋಡಿಸುವಾಗ ರಿಂಗನ್ನು ಬೋರಿನೊಳಗೆ ಇಟ್ಟು ಪಿಸ್ಟನ್‌ನಿಂದ ನೇರ ಒತ್ತಿ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ ನೋಡಿ, ಇಂಚಿನ ಸಾವಿರ ಭಾಗದಲ್ಲಿ 8ರಿಂದ 13 ಇರಬೇಕು. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ತೋರಿಸುವ ಪಾನಾ) ಎರವಲಾದರೂ ತನ್ನಿ. ಮೇನ್ ಕ್ಯಾಪ್‌ಗೆ 70 ಫುಟ್ ಪೌಂಡ್, ಕನೆಕ್ಟಿಂಗ್ ರಾಡ್‌ಗೆ 35, ಹೆಡ್ ನಟ್‌ಗೆ 40. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ ತೆಗೆದು, ಗೇಜ್‌ನಲ್ಲಿ ಪ್ರೆಶರ್ ಕಾಣುವ ತನಕ ತಿರುಗಿಸಿ.

ಆಮೇಲೆ ಮೊದಲ 500 ಕಿ.ಮೀ. ಆಗುಂಬೆ, ಚಾರ್ಮಾಡಿ ಬೇಡವೇ ಬೇಡ. ಹೊಸ ಎಂಜಿನ್ ಎಂದು ಮನೆಯವರನ್ನೆಲ್ಲ ತುಂಬಿಸಿಕೊಂಡು ಘಾಟಿ ಹತ್ತಿಸುವ ಆಸೆ ಎಲ್ಲರಿಗೂ ಇರುತ್ತದೆ. ಕುಂದಾಪುರಕ್ಕೆ ಹೈವೇಯಲ್ಲಿ ನಾಲ್ಕೈದು ಸಲ ಹೋಗಿ ಬನ್ನಿ, ಒಂದೇ ಸ್ಪೀಡಿನಲ್ಲಿ ಎಳೆಯದೆ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ. ಆಯಿಲ್ ಬದಲಿಸಿ, ಹೆಡ್ ನಟ್ ಇನ್ನೊಮ್ಮೆ ನೋಡಿ, ಟ್ಯಾಪೆಟ್ (ವಾಲ್ವ್‌ಗಳ ಸಡಿಲ) ಸೆಟ್ ಮಾಡಿ.

ಕ್ರ್ಯಾಂಕ್ ಈಗ ಯಾವ ಸೈಜಿನಲ್ಲಿದೆ ಅಂತ ನೀವು ಬರೆದಿಲ್ಲ. ಹಳೇ ಬೇರಿಂಗ್ ಶೆಲ್ ಹಿಂಬದಿ ಒರೆಸಿ ನೋಡಿ, ಅಲ್ಲಿ ನಂಬರ್ ಇರುತ್ತದೆ. ಒಂದು ಫೋಟೊ ಹಾಕಿ.