ಟೇಬಲ್ ಮೇಲಿನ ಯುದ್ಧದಾಟಕ್ಕೆ ಗುಡ್ಡ, ಕೋಟೆ ಮಾಡಲು ವಿಜಯಪುರದಲ್ಲಿ ಅಗ್ಗಕ್ಕೆ ಏನು ಸಿಗುತ್ತೆ?

ಕೈಯಲ್ಲಿ 500 ರೂಪಾಯಿ, ಆಡಲು 28 ಮಿಲಿಮೀಟರ್ ಅಳತೆಯ ಗೊಂಬೆಗಳು, "ವಿಡಿಯೋದಲ್ಲಿ ತೋರಿಸೋ ಗುಲಾಬಿ ಫೋಮ್ ನಮ್ಮೂರಲ್ಲಿ ಇಲ್ಲ, ಥರ್ಮಾಕೋಲ್ ತಗೊಳ್ಳಲಾ, ರಟ್ಟು ತಗೊಳ್ಳಲಾ, ಆನ್‌ಲೈನ್‌ನಲ್ಲಿ ತರಿಸಲಾ?" ನಿಮ್ಮ ಈ ಪ್ರಶ್ನೆ ಓದಿ ನಗು ಬಂತು. ಬೆಳಗಾವಿಯಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ. ಕೊನೆಗೆ ಸಾಮಾನಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಆದರೂ ಕೆಟ್ಟೆ.

ಆಗ ಇಲ್ಲಿನ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗ್‌ನಲ್ಲಿ ಕೆಲಸ. ಮಷೀನಿನ ಬಿಡಿಭಾಗ ಬರುವ ಪೆಟ್ಟಿಗೆಗಳಲ್ಲಿ ಗೇಣುದಪ್ಪ ಥರ್ಮಾಕೋಲ್ ಇರುತ್ತಿತ್ತು. ಕಸಕ್ಕೆ ಹೋಗುವುದನ್ನು ಬೈಕಿಗೆ ಕಟ್ಟಿಕೊಂಡು ತಂದೆ. ಮೂರು ವಾರ, ರಾತ್ರಿ ಊಟ ಆದಮೇಲೆ ಕೂತು ಕೋಟೆ ಕೆತ್ತಿದೆ. ನಾಲ್ಕು ಬುರುಜು, ಒಂದು ಹೆಬ್ಬಾಗಿಲು. ಗೋಡೆಯ ಒಂದೊಂದು ಕಲ್ಲನ್ನೂ ಪೆನ್ಸಿಲ್ ಒತ್ತಿ ಗೆರೆ ಎಳೆದು ಮಾಡಿದ್ದು. ಭಾನುವಾರ ಗೆಳೆಯರು ಆಡಲು ಬರುವವರಿದ್ದರು. ಶನಿವಾರ ಮಧ್ಯಾಹ್ನ ಅಂಗಡಿಗೆ ಹೋಗಿ 200 ಚಿಲ್ಲರೆ ಕೊಟ್ಟು ಕಪ್ಪು ಸ್ಪ್ರೇ ಡಬ್ಬಿ ತಂದೆ.

ಸ್ಪ್ರೇ ಥರ್ಮಾಕೋಲನ್ನು ತಿನ್ನುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಗೊತ್ತಿತ್ತು. ಥರ್ಮಾಕೋಲ್ ಅಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಡಬ್ಬಿಯೊಳಗಿನ ಅಸಿಟೋನ್, ಟಾಲ್ವೀನ್‌ನಂಥ ದ್ರಾವಕ ತಗುಲಿದರೆ ಕರಗಿಬಿಡುತ್ತೆ. (ನೀವು ಹುಡುಕುತ್ತಿರುವ ಗುಲಾಬಿ ಫೋಮೂ ಪಾಲಿಸ್ಟೈರೀನೇ. ಅದೂ ಕರಗುತ್ತೆ. ಕಾಳು ಉದುರಲ್ಲ, ಗೆರೆ ನೀಟಾಗಿ ಬರುತ್ತೆ, ಅಷ್ಟೇ ವ್ಯತ್ಯಾಸ.) ಅದಕ್ಕೇ ಮೊದಲು ಇಡೀ ಕೋಟೆಗೆ ಫೆವಿಕಾಲ್ ಬಳಿದಿದ್ದೆ. ಗಟ್ಟಿ ಅಂಟು ಬ್ರಷ್‌ಗೆ ಬರಲ್ಲ ಅಂತ ನೀರು ಹಾಕಿ ಮಜ್ಜಿಗೆ ಮಾಡಿಕೊಂಡೆ. ತಪ್ಪು ಆಗಿದ್ದು ಇಲ್ಲಿ. ತೆಳು ಅಂಟು ಕಲ್ಲಿನ ಮೇಲೆ ನಿಂತಿತು, ಗೆರೆಯ ಒಳಗೆ ನಿಲ್ಲಲಿಲ್ಲ. ಬಿಳಿ ಥರ್ಮಾಕೋಲ್ ಮೇಲೆ ಬಿಳಿ ಅಂಟು, ಎಲ್ಲಿ ಹತ್ತಿದೆ ಎಲ್ಲಿ ಹತ್ತಿಲ್ಲ ಅಂತ ಕಣ್ಣಿಗೆ ಕಾಣಲ್ಲ. ಮೇಲಾಗಿ ಅದು ಜುಲೈ ತಿಂಗಳು. ಫೆವಿಕಾಲ್ ಒಣಗಿದರೆ ಬಿಳಿ ಹೋಗಿ ಗಾಜಿನಂತೆ ಪಾರದರ್ಶಕ ಆಗಬೇಕು. ನಮ್ಮ ಮಳೆಗಾಲದಲ್ಲಿ ಹಾಸಿದ ಟವೆಲ್ಲೇ ಎರಡು ದಿನ ಒಣಗಲ್ಲ. ಬೆರಳಿಟ್ಟು ನೋಡಿದೆ, ಅಂಟಲಿಲ್ಲ, ಸಾಕು ಅಂದುಕೊಂಡೆ.

ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಮಾಳಿಗೆ ಮೇಲೆ ಸ್ಪ್ರೇ ಹೊಡೆದೆ. ಮೊದಲು ಏನೂ ಆಗಲಿಲ್ಲ. ಕರಿ ಕಲ್ಲಿನ ಕೋಟೆ, ನೋಡಲು ಭಾರಿ ಚೆನ್ನಾಗಿತ್ತು. ಆಮೇಲೆ ಗೆರೆಗಳು ಅಗಲವಾಗತೊಡಗಿದವು. ಬಣ್ಣ ಗೆರೆಯಿಂದ ಒಳಗಿಳಿದು, ಕಲ್ಲಿನ ಮುಖವನ್ನು ಹಾಗೇ ಬಿಟ್ಟು ಹಿಂದಿನದನ್ನು ತಿನ್ನುತ್ತಿತ್ತು. ಬುರುಜನ್ನು ಎತ್ತಲು ಹೋದೆ, ಫೆವಿಕಾಲಿನ ಸಿಪ್ಪೆ ಕೈಗೆ ಬಂತು. ಬಟ್ಟೆ ತೆಗೆಯಲು ಬಂದ ಅವ್ವ ನೋಡಿ, "ಇಲಿ ತಿಂದಂಗ ಆಗೇತಲ್ಲೋ" ಅಂದಳು. ಪಾಳು ಕೋಟೆ ಅಂತ ಬಳಸಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಬಿದ್ದ ಕಲ್ಲುಗೋಡೆಗೆ ಮೂಲೆ ಇರುತ್ತೆ. ಇದು ಕರಗಿದ ಮೇಣದಬತ್ತಿ ಥರ ಇತ್ತು.

ಹಾಗಾಗಿ ಯಾವ ಸಾಮಾನು ಅಗ್ಗ ಅನ್ನೋ ಪ್ರಶ್ನೆಯನ್ನೇ ಬಿಡಿ. ಸಾಮಾನೆಲ್ಲ ಪುಕ್ಕಟೆ ಸಿಗುತ್ತೆ. ಟಿವಿ, ಫ್ರಿಜ್ ಅಂಗಡಿಯವರನ್ನು ಕೇಳಿದರೆ ಥರ್ಮಾಕೋಲ್ ಕೊಟ್ಟು ಕಳಿಸ್ತಾರೆ. ನಿಮ್ಮ 500 ಹೋಗಬೇಕಾದ್ದು ಫೆವಿಕಾಲ್‌ಗೆ, ಕಪ್ಪು ಮತ್ತು ಬಿಳಿ ಅಕ್ರಿಲಿಕ್ ಬಣ್ಣಕ್ಕೆ. ಅಂಟಿನಲ್ಲೇ ಕಪ್ಪು ಬಣ್ಣ ಕಲಸಿ, ನೀರು ಬೇಡ, ಹಳೇ ಟೂತ್‌ಬ್ರಷ್‌ನಿಂದ ಗೆರೆಯೊಳಗೆ ಕುಟ್ಟಿ ಕುಟ್ಟಿ ತುಂಬಿಸಿ. ಬಿಟ್ಟುಹೋದ ಜಾಗ ಬಿಳಿ ಚುಕ್ಕೆಯಾಗಿ ತಾನೇ ಕಾಣುತ್ತೆ. ಒಂದು ರಾತ್ರಿ ಬಿಟ್ಟು ಇನ್ನೊಂದು ಸಲ. ಆಮೇಲೂ ಸ್ಪ್ರೇ ಮುಟ್ಟಬೇಡಿ, ಬ್ರಷ್ ಸಾಕು. ಬೂದು ಬಣ್ಣದಲ್ಲಿ ಅದ್ದಿ, ಪೇಪರಿಗೆ ಒರೆಸಿ, ಒಣಗಿದಂತಿರುವ ಬ್ರಷ್ಷನ್ನು ಗೋಡೆ ಮೇಲೆ ಆಡಿಸಿದರೆ ಕಲ್ಲಿನ ಅಂಚು ಎದ್ದು ಬರುತ್ತೆ. ಫೆವಿಕ್ವಿಕ್ ಕೂಡ ಥರ್ಮಾಕೋಲನ್ನು ತಿನ್ನುತ್ತೆ, ದೂರ ಇಡಿ. ರಟ್ಟು ಒಂದೇ ಕಡೆ ಅಂಟು ಹಚ್ಚಿದರೆ ಹಪ್ಪಳದಂತೆ ಸೊಟ್ಟಗಾಗುತ್ತೆ, ಎರಡೂ ಕಡೆ ಹಚ್ಚಿ.

ಗುಡ್ಡಕ್ಕಂತೂ ಥರ್ಮಾಕೋಲೂ ಬೇಡ. ದೀಪಾವಳಿಗೆ ನಮ್ಮ ಗಲ್ಲಿಗಳಲ್ಲಿ ಹುಡುಗರು ಕಿಲ್ಲಾ, ಅಂದರೆ ಆಟದ ಕೋಟೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಒಟ್ಟಿ, ಗೋಣಿಚೀಲವನ್ನು ಕೆಸರಲ್ಲಿ ಅದ್ದಿ ಮೇಲೆ ಹೊದಿಸುತ್ತಾರೆ. ಮಡಿಕೆ ಬಿದ್ದಲ್ಲೆಲ್ಲ ಕಣಿವೆ. ನಾನೂ ಹತ್ತು ವರ್ಷ ಕಟ್ಟಿದವನು, ಆದರೂ ದೊಡ್ಡವನಾದ ಮೇಲೆ ವಿಡಿಯೋ ನೋಡಿ ಫೋಮ್ ಹುಡುಕುತ್ತಾ ಕೂತಿದ್ದೆ! ಈಗ ಉಂಡೆ ಮಾಡಿದ ಪೇಪರ್ ಮೇಲೆ ಹಳೇ ಪಂಜೆಯನ್ನು ಫೆವಿಕಾಲ್ ನೀರಲ್ಲಿ ಅದ್ದಿ ಹೊದಿಸುತ್ತೇನೆ. ಇಲ್ಲಿ ಮಾತ್ರ ಅಂಟಿಗೆ ನೀರು ಬೇಕು. ಒಣಗಿದ ಮೇಲೆ ಜರಡಿ ಹಿಡಿದ ಮರಳು, ಕುದಿಸಿ ಒಣಗಿಸಿದ ಚಹಾಪುಡಿ.

ಇನ್ನು ಫೋಮ್ "ನಮ್ಮೂರಲ್ಲಿ ಇಲ್ಲ" ಅಂದಿರಿ. ಜೋಳದ ಸೀಮೆಯಲ್ಲಿ ಕೂತು ಹೀಗನ್ನಬಹುದಾ? ಒಣಗಿದ ಜೋಳದ ದಂಟು ತಗೊಳ್ಳಿ, ಮೇಲಿನ ಸಿಪ್ಪೆ ಸುಲಿಯಿರಿ. ಒಳಗಿನ ಬೆಂಡು ಬ್ಲೇಡಿಗೆ ಬೆಣ್ಣೆಯಂತೆ ಕೊಯ್ಯುತ್ತೆ, ಅಜ್ಜಂದಿರು ಆಟದ ಬಂಡಿ ಮಾಡಿಕೊಡುತ್ತಿದ್ದುದು ಇದರಲ್ಲೇ. ಕಂಬ, ಮರದ ದಿಮ್ಮಿಗೆ ಬೆಂಡು. ಬೇಲಿ, ಬಾಗಿಲು, ಸೇತುವೆಯ ಹಲಗೆಗೆ ಸಿಪ್ಪೆ. ಸ್ಪ್ರೇಗೂ ಕರಗಲ್ಲ. ಆದರೆ ಹುಳ ಹಿಡಿಯುತ್ತೆ, ಹಾಗಾಗಿ ಕತ್ತರಿಸಿದ ತುದಿಗಳಿಗೆ ಅದೇ ಕಪ್ಪು ಫೆವಿಕಾಲ್ ಹಚ್ಚಿ.