ಟಾಂಗಾ ಕುದುರೆಯ ಕಾಲುನೋವು

ಪ್ರಶ್ನೆ: ಮೈಸೂರಿನಲ್ಲಿ ಟಾಂಗಾ ಎಳೆಯುವ ನಮ್ಮ ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರು) ಭಾಗಶಃ ಹರಿದಿದೆಯೆಂದು ಪಶುವೈದ್ಯರು ಹೇಳಿದ್ದರು. ಮೂರು ವಾರಗಳ ವಿಶ್ರಾಂತಿಯ ಬಳಿಕ ಕುಂಟುವುದು ನಿಂತಿದೆ. ಮತ್ತೆ ಗಾಡಿಗೆ ಕಟ್ಟಬಹುದೇ?

ಉತ್ತರ: ದಯವಿಟ್ಟು ಈಗಲೇ ಕಟ್ಟಬೇಡಿ. ಊತ ಇಳಿದರೂ, ಸ್ನಾಯುರಜ್ಜಿನಲ್ಲಿ ರಕ್ತಸಂಚಾರ ಕಡಿಮೆಯಿರುವುದರಿಂದ ಅದರ ಎಳೆಗಳು ಬಲಗೊಳ್ಳಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕಾಗುತ್ತದೆ. ಅವಸರಪಟ್ಟು ದುಡಿಸಿದರೆ ಅದೇ ಜಾಗ ಮತ್ತೆ ಹರಿಯುವ ಸಂಭವ ಹೆಚ್ಚು. ಸಂಪಾದನೆ ನಿಂತಿರುವ ನಿಮಗೆ ಇದು ಕಹಿ ಮಾತೆಂದು ಬಲ್ಲೆ. ವೈದ್ಯರು ಒಪ್ಪಿದರೆ, ಗಟ್ಟಿಯಾದ ಸಮತಟ್ಟು ನೆಲದಲ್ಲಿ ಹಗ್ಗ ಹಿಡಿದು ದಿನಕ್ಕೆ 5ರಿಂದ 10 ನಿಮಿಷ ನಡೆಸಲಾರಂಭಿಸಿ, ಕಾಲು ಬಿಸಿಯಾಗದಿದ್ದರೆ ಮಾತ್ರ ವಾರವಾರವೂ ಸ್ವಲ್ಪ ಹೆಚ್ಚಿಸಿ. ನೋವಿನ ಔಷಧ ಕುಂಟನ್ನು ಮರೆಮಾಚುವುದರಿಂದ ಅದನ್ನು ಸ್ವಂತ ನಿರ್ಧಾರದಿಂದ ಕೊಡಬೇಡಿ. ದುಡಿಮೆಯಿಲ್ಲದ ಈ ಅವಧಿಯಲ್ಲಿ ಹುರುಳಿ ತಗ್ಗಿಸಿ ಹುಲ್ಲನ್ನೇ ಹೆಚ್ಚು ಕೊಡಿ. ಗಾಡಿಗೆ ಕಟ್ಟುವ ಮುನ್ನ ಅಲ್ಟ್ರಾಸೌಂಡ್ ಪರೀಕ್ಷೆ ಅಗತ್ಯ.